ಉರಿಯುವ ಮನೆಯಲ್ಲಿ ಗಳ ಹಿರಿಯುವ ಕೋರ್ಸು

‘ಮೋಟಿವೇಟೆಡ್ ಸೆಲ್ಲರ್’ ಎಂಬ ಮಾತನ್ನು ಒಮ್ಮೆ ಕನ್ನಡಕ್ಕೆ ತಂದು ನೋಡಿ. ‘ಪ್ರೇರಿತ ಮಾರಾಟಗಾರ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನಮ್ಮ ರಾಯಚೂರು, ಯಾದಗಿರಿ ಕಡೆಯ ಮನೆಗಳಲ್ಲಿ ಅದಕ್ಕೆ ಬೇರೆಯೇ ಮಾತಿದೆ: ‘ಅಡಚಣಿಗೆ ಬಿದ್ದು ಮಾರಾಕತ್ಯಾರ.’ ಎರಡೂ ಹೇಳುವುದು ಒಬ್ಬನ ಬಗ್ಗೆಯೇ. ಮೊದಲನೆಯ ಮಾತಿನಲ್ಲಿ ಅವನಿಗೆ ಮಾರುವ ಉತ್ಸಾಹ ಇದ್ದಂತೆ ಕೇಳಿಸುತ್ತದೆ. ಎರಡನೆಯದರಲ್ಲಿ ಅವನ ಕುತ್ತಿಗೆಗೆ ಬಂದಿರುವುದು ಕಾಣಿಸುತ್ತದೆ. ಯಾವ ವಿದ್ಯೆ ತನ್ನ ಮುಖ್ಯ ಪದವನ್ನು ನಮ್ಮ ಅವ್ವನ ಎದುರು ಅವಳ ಭಾಷೆಯಲ್ಲಿ ಹೇಳಲಾರದೋ, ಆ ವಿದ್ಯೆಯ ಮೇಲೆ ಸಂಶಯ ಪಡುವುದು ಒಳ್ಳೆಯದು.

ಅಮೀರ್‌ಪೇಟೆಯಲ್ಲಿ ಇರುವವರಿಗೆ ಕೋರ್ಸು ಹೊಸದಲ್ಲ. ಮೈತ್ರಿವನಂ, ಆದಿತ್ಯ ಎನ್‌ಕ್ಲೇವ್ ಸುತ್ತಲಿನ ಗೋಡೆ, ಕಂಬ, ಮೆಟ್ಟಿಲು ಎಲ್ಲದರ ಮೇಲೂ ಜಾವಾ, ಪೈಥಾನ್, ಸ್ಯಾಪ್, ಡೆವಾಪ್ಸ್ ಎಂದು ಬರೆದಿರುತ್ತದೆ. ಆ ಕೋರ್ಸುಗಳನ್ನು ಗೇಲಿ ಮಾಡುವವರ ಜೊತೆ ನಾನಿಲ್ಲ. ನಮ್ಮ ಜಿಲ್ಲೆಗಳ ಎಷ್ಟೋ ಮನೆಗಳಿಗೆ ತಿಂಗಳ ಸಂಬಳ ಎಂಬುದು ಮೊದಲ ಸಲ ಬಂದದ್ದು ಇಲ್ಲಿನ ಇಕ್ಕಟ್ಟಾದ ಕ್ಲಾಸ್‌ರೂಮುಗಳ ದಾರಿಯಿಂದ. ನನ್ನ ತಕರಾರು ಆ ಸಂಬಳ ಬಂದ ಮೇಲೆ ಶುರುವಾಗುವ ಎರಡನೆಯ ಕೋರ್ಸಿನ ಬಗ್ಗೆ. ಅದಕ್ಕೆ ಬೋರ್ಡು ಬೇಕಿಲ್ಲ. ಹಾಸ್ಟೆಲ್ ಕೋಣೆಯ ಮೊಬೈಲಿನಲ್ಲಿ, ಭಾನುವಾರದ ಸೆಮಿನಾರಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಅದು ನಡೆಯುತ್ತದೆ. ಸಂಬಳದಿಂದ ಯಾರೂ ಶ್ರೀಮಂತರಾಗಿಲ್ಲ, ರಿಯಲ್ ಎಸ್ಟೇಟಿಗೆ ಬನ್ನಿ, ಕೈಯಲ್ಲಿ ದುಡ್ಡಿಲ್ಲದಿದ್ದರೂ ಪರವಾಗಿಲ್ಲ, ‘ಸರಿಯಾದ ಸೆಲ್ಲರ್’ ಸಿಕ್ಕರೆ ಸಾಕು ಎಂದು ಅದು ಹೇಳುತ್ತದೆ.

ಆ ಸರಿಯಾದ ಸೆಲ್ಲರ್ ಯಾರು? ಪಾಠದ ಪಟ್ಟಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಮನೆಯ ಯಜಮಾನ ತೀರಿಕೊಂಡ ಮನೆ. ಗಂಡ ಹೆಂಡತಿ ಬೇರೆಯಾಗುತ್ತಿರುವ ಮನೆ. ಸಾಲದ ಕಂತು ನಿಂತುಹೋದ ಮನೆ. ಕೆಲಸ ಕಳೆದುಕೊಂಡವನ ಮನೆ. ಆಸ್ಪತ್ರೆ ಬಿಲ್ಲು ಬೆಳೆಯುತ್ತಿರುವ ಮನೆ. ಅಣ್ಣತಮ್ಮಂದಿರು ಪಾಲಿಗಾಗಿ ಕಚ್ಚಾಡುತ್ತಿರುವ ಮನೆ. ಇವರನ್ನು ಹುಡುಕುವ ದಾರಿಗಳನ್ನೂ ಹೇಳಿಕೊಡುತ್ತಾರೆ: ಪತ್ರಿಕೆಯ ಬ್ಯಾಂಕ್ ನೋಟೀಸು ಓದಿ, ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ ಚಹಾ ಕುಡಿಸಿ, ಬೀಗ ಹಾಕಿದ ಮನೆಗಳ ಮುಂದೆ ಧೂಳು ಎಷ್ಟಿದೆ ನೋಡಿ, ಶ್ರದ್ಧಾಂಜಲಿ ಜಾಹೀರಾತನ್ನೂ ಬಿಡಬೇಡಿ. ಸಿಕ್ಕ ಮೇಲೆ ಏನು ಮಾಡಬೇಕು? ಅವರ ‘ನೋವಿನ ಬಿಂದು’ ಯಾವುದೆಂದು ಕೇಳಿ ತಿಳಿದುಕೊಳ್ಳಬೇಕು, ಮೊದಲು ಬೆಲೆ ಹೇಳಬಾರದು, ಅವರ ಬಾಯಿಂದಲೇ ಹೊರಡಿಸಬೇಕು.

ಇದಕ್ಕೆ ಕನ್ನಡದಲ್ಲಿ ಬಹಳ ಹಳೆಯ ಹೆಸರಿದೆ. ಉರಿಯುವ ಮನೆಯಲ್ಲಿ ಗಳ ಹಿರಿಯುವುದು. ನಮ್ಮ ಹಿರಿಯರು ಇದನ್ನು ಕಂಡಿರದಿದ್ದರೆ ಗಾದೆ ಹುಟ್ಟುತ್ತಿರಲಿಲ್ಲ. ಆದರೆ ಅವರು ಅದನ್ನು ಬೈಗುಳವಾಗಿ ಇಟ್ಟುಕೊಂಡಿದ್ದರು, ಸಿಲಬಸ್ ಮಾಡಿರಲಿಲ್ಲ.

ಕೂಡಲೇ ಒಂದು ಉತ್ತರ ಬರುತ್ತದೆ, ಅದನ್ನು ನ್ಯಾಯವಾಗಿಯೇ ಕೇಳಬೇಕು. ‘ಅವನಿಗೆ ದುಡ್ಡು ಬೇಕು, ಅದೂ ಈ ತಿಂಗಳೇ ಬೇಕು. ನಾನು ಕೊಡುತ್ತೇನೆ. ಬೇಗ ಕೊಡುವುದಕ್ಕೆ ಸ್ವಲ್ಪ ಕಡಿಮೆ ಬೆಲೆ. ಇದರಲ್ಲಿ ತಪ್ಪೇನು? ನಾನು ಕೊಳ್ಳದಿದ್ದರೆ ಮೀಟರ್ ಬಡ್ಡಿಯವನು ಕೊಳ್ಳುತ್ತಾನೆ.’ ಈ ಮಾತಿನಲ್ಲಿ ಅರ್ಧ ನಿಜವಿದೆ. ಮನೆ ಮಾರುವುದೇ ಸರಿಯಾದ ದಾರಿಯಾಗಿರುವ ಕುಟುಂಬಗಳಿವೆ. ಕೊಳ್ಳುವವನು ಬೇಗ ಸಿಕ್ಕರೆ ಅವರಿಗೆ ಉಪಕಾರವೇ. ಉಳಿದ ಅರ್ಧ ನಿಜ ಯಾವುದೆಂದು ತಿಳಿಯಲು ರಿಯಾಯಿತಿಯನ್ನು ಬಿಚ್ಚಿ ನೋಡಬೇಕು.

ಮಾರುಕಟ್ಟೆ ದರಕ್ಕಿಂತ ಕಡಿಮೆಗೆ ಮನೆ ಸಿಗುವುದಕ್ಕೆ ಮೂರು ಬೇರೆ ಬೇರೆ ಕಾರಣಗಳಿರುತ್ತವೆ. ಒಂದು, ಮನೆಯಲ್ಲೇ ಇರುವ ಕೊರತೆ: ಸೋರುವ ತಾರಸಿ, ಬಗೆಹರಿಯದ ಕಾಗದಪತ್ರ, ಒಳಗಿರುವ ಬಾಡಿಗೆದಾರ. ಇದನ್ನು ಸರಿಮಾಡುವ ಕೆಲಸ ನಿಮ್ಮದು, ಆ ರಿಯಾಯಿತಿ ನಿಮ್ಮ ಕೂಲಿ. ಎರಡು, ವೇಗ: ಆರು ತಿಂಗಳು ಕಾಯಬೇಕಾದ ಹಣವನ್ನು ಮೂರು ವಾರದಲ್ಲಿ ಕೊಟ್ಟರೆ ಅದಕ್ಕೊಂದು ಬೆಲೆ ಇದೆ. ಅದೂ ನ್ಯಾಯವೇ. ಮೂರು, ಮಾರುವವನಿಗೆ ಗೊತ್ತಿಲ್ಲದಿರುವುದು: ತನ್ನ ಮನೆಯ ದರ ಎಷ್ಟು, ತನಗೆ ಇನ್ನೂ ಎಷ್ಟು ದಿನ ಉಳಿದಿದೆ, ಬ್ಯಾಂಕು ಏನು ಮಾಡಬಹುದು ಏನು ಮಾಡಲಾಗದು ಎಂಬುದು ಅವನಿಗೆ ತಿಳಿಯದು. ಈ ಮೂರನೆಯ ಭಾಗಕ್ಕೆ ಯಾವ ಕೂಲಿಯೂ ಇಲ್ಲ. ಅದು ಕಿಸೆಗಳ್ಳತನ. ಕೋರ್ಸಿನ ಹೊಗಳಿಕೆಯೆಲ್ಲ ಮೊದಲ ಎರಡರ ಬಗ್ಗೆ. ಲಾಭದ ಲೆಕ್ಕ ಮಾತ್ರ ಮೂರನೆಯದರ ಮೇಲೆ ನಿಂತಿರುತ್ತದೆ. ಇಲ್ಲದಿದ್ದರೆ ‘ಮೊದಲು ಬೆಲೆ ಹೇಳಬೇಡಿ’ ಎಂದು ಕಲಿಸುವ ಅಗತ್ಯವೇ ಇರುತ್ತಿರಲಿಲ್ಲ.

ಲೆಕ್ಕಕ್ಕೆ ಒಂದು ಫ್ಲ್ಯಾಟ್ ಇಟ್ಟುಕೊಳ್ಳೋಣ. ದರ 80 ಲಕ್ಷ, ಬ್ಯಾಂಕಿನ ಬಾಕಿ 40 ಲಕ್ಷ. ನೀವು 55 ಲಕ್ಷಕ್ಕೆ ಕೊಂಡಿರಿ. ನಿಮ್ಮ ಬಾಯಲ್ಲಿ ಇದು ‘ಸುಮಾರು 31 ಪರ್ಸೆಂಟ್ ಡಿಸ್ಕೌಂಟ್’. ಮಾರಿದವನ ಕಡೆಯಿಂದ ನೋಡಿ. ಬ್ಯಾಂಕು ತನ್ನ 40 ಲಕ್ಷದಲ್ಲಿ ಒಂದು ರೂಪಾಯಿಯನ್ನೂ ಬಿಡುವುದಿಲ್ಲ. ಮನೆಯಲ್ಲಿ ಅವನದೆಂದು ಇದ್ದದ್ದು ಉಳಿದ 40 ಲಕ್ಷ. ಅದರಲ್ಲಿ ಅವನ ಕೈಗೆ ಬಂದದ್ದು 15. ಹೋದದ್ದು 25. ಅಂದರೆ ಹದಿನೈದೋ ಇಪ್ಪತ್ತೋ ವರ್ಷ ಕಂತು ಕಟ್ಟಿ ಕೂಡಿಸಿದ್ದರಲ್ಲಿ ಶೇಕಡಾ 62ಕ್ಕೂ ಹೆಚ್ಚು ಒಂದು ಸಹಿಯಲ್ಲಿ ಹೋಯಿತು. ನಿಮ್ಮ ರಿಯಾಯಿತಿ ಪೂರ್ತಿಯಾಗಿ ಬೀಳುವುದು ಅವನ ಪಾಲಿನ ಮೇಲೆ. ಸಾಲ ಹೆಚ್ಚಿದಷ್ಟೂ ಪೆಟ್ಟು ಹೆಚ್ಚು. ‘ಮಾರಲೇಬೇಕಾದವನನ್ನು ಹುಡುಕಿ’ ಎಂಬ ಪಾಠ ಹೆಚ್ಚು ಸಾಲ ಇರುವವನನ್ನೇ ತೋರಿಸುವುದರಿಂದ ಪೆಟ್ಟು ಹೆಚ್ಚು ಬೀಳುವ ಕಡೆಗೇ ನಮ್ಮನ್ನು ಕಳಿಸುತ್ತದೆ.

ಈಗ ಅವನಿಗೆ ಏನು ಗೊತ್ತಿರುವುದಿಲ್ಲ ಎಂದು ನೋಡೋಣ. 2002ರ ಸರ್ಫೇಸಿ ಕಾಯಿದೆ ಬ್ಯಾಂಕುಗಳಿಗೆ ಕೋರ್ಟಿಗೆ ಹೋಗದೆ ಅಡಮಾನದ ಮನೆಯನ್ನು ವಶಪಡಿಸಿಕೊಂಡು ಹರಾಜು ಹಾಕುವ ಅಧಿಕಾರ ಕೊಟ್ಟಿದೆ. ಆದರೆ ಅದು ಒಂದೇ ದಿನದಲ್ಲಿ ಆಗುವುದಲ್ಲ. ಕಂತು 90 ದಿನ ಬಾಕಿ ಬಿದ್ದ ಮೇಲೆ ಖಾತೆ ಎನ್‌ಪಿಎ ಆಗುತ್ತದೆ. ಆಮೇಲೆ 13(2)ನೇ ಕಲಮಿನ ನೋಟೀಸು, ಅದಕ್ಕೆ 60 ದಿನ ಗಡುವು. ಸಾಲಗಾರ ಆಕ್ಷೇಪಣೆ ಬರೆದರೆ ಬ್ಯಾಂಕು 15 ದಿನದೊಳಗೆ ಕಾರಣ ಸಮೇತ ಉತ್ತರ ಕೊಡಬೇಕು. ಕಟ್ಟಬೇಕಾದದ್ದು ಒಟ್ಟು ಅಸಲು ಬಡ್ಡಿಯ ಶೇಕಡಾ 20ಕ್ಕಿಂತ ಕಡಿಮೆ ಉಳಿದಿದ್ದರೆ ಈ ಕಾಯಿದೆ ಅನ್ವಯಿಸುವುದೇ ಇಲ್ಲ. ವಶಕ್ಕೆ ತೆಗೆದುಕೊಂಡರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು, ಅದು ಹೈದರಾಬಾದಿನಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ಹರಾಜಿನ ನೋಟೀಸು ಪ್ರಕಟವಾಗುವ ಮುಂಚೆ ಬಾಕಿಯನ್ನು ಖರ್ಚು ಸಮೇತ ಕಟ್ಟಿದರೆ ಮನೆ ಬಿಡಿಸಿಕೊಳ್ಳಬಹುದು. 2016ರ ತಿದ್ದುಪಡಿ ಗೆರೆ ಎಳೆದದ್ದು ಅಲ್ಲಿಗೆ, 2023ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಟ್ಟಿ ಮಾಡಿತು. ಕೊನೆಗೆ ಹರಾಜೇ ಆದರೂ ಬಾಕಿ ಮತ್ತು ಖರ್ಚು ಕಳೆದು ಉಳಿದ ಹಣ ಮನೆಯವನಿಗೇ ಹಿಂತಿರುಗಬೇಕು, ಬ್ಯಾಂಕಿಗಲ್ಲ.

ಈ ಕೊನೆಯ ಒಂದು ಸಂಗತಿ ಗೊತ್ತಿಲ್ಲದೆ ಎಷ್ಟು ಮನೆಗಳು ಹೋಗುತ್ತವೆ ಯೋಚಿಸಿ. ‘ಹರಾಜಾದರೆ ನಿಮಗೆ ಚಿಕ್ಕಾಸೂ ಸಿಗುವುದಿಲ್ಲ ಅಂಕಲ್, ನಾನಾದರೆ ಹದಿನೈದು ಲಕ್ಷ ಕೈಗೆ ಕೊಡುತ್ತೇನೆ’ ಎಂದು ಹೇಳುವ ಹುಡುಗನಿಗೆ ಇದು ಸುಳ್ಳೆಂದು ಗೊತ್ತಿರುತ್ತದೆ. ಅಂಕಲ್‌ಗೆ ಗೊತ್ತಿರುವುದಿಲ್ಲ. ಬ್ಯಾಂಕು ಮನೆಯನ್ನು ವಶಕ್ಕೆ ತೆಗೆದುಕೊಂಡ ನೋಟೀಸನ್ನು ಎರಡು ಪತ್ರಿಕೆಗಳಲ್ಲಿ ಹಾಕಬೇಕು, ಒಂದು ಸ್ಥಳೀಯ ಭಾಷೆಯದಾಗಿರಬೇಕು ಎಂದು ನಿಯಮ ಮಾಡಿದ್ದು ಸಾಲಗಾರನಿಗೂ ಸಾರ್ವಜನಿಕರಿಗೂ ತಿಳಿಯಲಿ ಎಂದು. ಈಗ ಅದು ಬೇಟೆಯ ಪಟ್ಟಿಯಾಗಿದೆ. ಆ ನೋಟೀಸಿನಿಂದ ಹರಾಜಿನ ನೋಟೀಸಿನವರೆಗಿನ ದಿನಗಳೇ ಮನೆ ಉಳಿಸಿಕೊಳ್ಳುವ ಕೊನೆಯ ದಿನಗಳು. ಬೇಟೆಗಾರ ಬಾಗಿಲು ತಟ್ಟುವುದೂ ಅದೇ ದಿನಗಳಲ್ಲಿ.

ಕಾನೂನು ಈ ಬಗೆಯ ಲಾಭವನ್ನು ಕಣ್ಣು ಮುಚ್ಚಿ ಒಪ್ಪಿಕೊಂಡಿದೆ ಎಂದು ತಿಳಿಯಬೇಡಿ. 1872ರ ಕರಾರು ಕಾಯಿದೆಯ 16ನೇ ಕಲಂ ಅನುಚಿತ ಪ್ರಭಾವದ ಬಗ್ಗೆ ಮಾತಾಡುತ್ತದೆ. ವಯಸ್ಸು, ಕಾಯಿಲೆ, ದೇಹದ ಅಥವಾ ಮನಸ್ಸಿನ ಸಂಕಟದಿಂದ ಬುದ್ಧಿ ತಾತ್ಕಾಲಿಕವಾಗಿಯಾದರೂ ಕುಂದಿರುವವರ ಜೊತೆ ಕರಾರು ಮಾಡಿಕೊಳ್ಳುವವನನ್ನು ಅದು ಮೇಲುಗೈ ಇರುವವನೆಂದೇ ಎಣಿಸುತ್ತದೆ. ಅಂಥವನು ಆ ಮೇಲುಗೈಯನ್ನು ಬಳಸಿ ಅನ್ಯಾಯದ ಲಾಭ ಪಡೆದರೆ ಕರಾರನ್ನು ರದ್ದು ಮಾಡಿಸಬಹುದು. ಬೆಲೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗದು. ಆದರೆ ಒಪ್ಪಿಗೆ ಮನಸಾರೆ ಕೊಟ್ಟದ್ದೇ ಎಂದು ನೋಡುವಾಗ ಕೋರ್ಟು ಆ ಬೆಲೆಯನ್ನೂ ಗಮನಿಸಬಹುದು ಎಂದು 25ನೇ ಕಲಮಿನ ವಿವರಣೆ ಹೇಳುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೇ ಕಲಂ ಇನ್ನೂ ಮುಂದೆ ಹೋಗುತ್ತದೆ. ಮಾರುವವನಿಗೆ ಆ ಆಸ್ತಿಯಲ್ಲಿ ಎಂಥ ಹಕ್ಕು, ಎಷ್ಟು ಹಕ್ಕು ಇದೆ ಎಂಬ ವಿಷಯದಲ್ಲಿ ಅವನಿಗೆ ತಿಳಿಯದ, ನಿಮಗೆ ತಿಳಿದಿರುವ, ಆ ಹಕ್ಕಿನ ಬೆಲೆ ಹೆಚ್ಚಿಸುವ ಸಂಗತಿಯಿದ್ದರೆ ಅದನ್ನು ಅವನಿಗೆ ಹೇಳುವುದು ಕೊಳ್ಳುವವನಾದ ನಿಮ್ಮ ಕರ್ತವ್ಯ. ಕೋರ್ಸಿನಲ್ಲಿ ‘ಗುಟ್ಟು’ ಎಂದು ಮಾರುವುದರಲ್ಲಿ ಒಂದು ಪಾಲನ್ನು 1882ರ ಕಾಯಿದೆ ಬಾಯಿಬಿಟ್ಟು ಹೇಳು ಎನ್ನುತ್ತದೆ.

‘ಕೈಯಲ್ಲಿ ದುಡ್ಡಿಲ್ಲದೆ’ ಮಾಡುವ ವ್ಯಾಪಾರದ ಕತೆ ಇನ್ನೂ ಕೆಟ್ಟದ್ದು. ಅಮೆರಿಕದಲ್ಲಿ ಇದನ್ನು ಹೋಲ್‌ಸೇಲಿಂಗ್ ಎನ್ನುತ್ತಾರೆ. ಐವತ್ತು ಸಾವಿರವೋ ಒಂದು ಲಕ್ಷವೋ ಬಯಾನಾ ಕೊಟ್ಟು ಖರೀದಿ ಕರಾರು ಬರೆಸಿಕೊಳ್ಳುವುದು, ಆಮೇಲೆ ಆ ಕರಾರನ್ನೇ ಮೂರನೆಯವನಿಗೆ ಹೆಚ್ಚಿನ ಬೆಲೆಗೆ ದಾಟಿಸುವುದು. ಮೂರನೆಯವನು ಸಿಗದಿದ್ದರೆ? ನಿಮಗೆ ಹೋಗುವುದು ಬಯಾನಾ. ಮಾರುವವನಿಗೆ ಹೋಗುವುದು ಅವನ ಹತ್ತಿರ ಇಲ್ಲದ ವಸ್ತುವೇ ಆದ ಸಮಯ. ಮೂರು ತಿಂಗಳು ಅವನ ಮನೆಯನ್ನು ಕಾಗದದಲ್ಲಿ ಕಟ್ಟಿಹಾಕಿ, ನಿಜವಾದ ಗಿರಾಕಿ ಬರದಂತೆ ಮಾಡಿ, ಹರಾಜಿನ ದಿನಾಂಕಕ್ಕೆ ಅವನನ್ನು ಒಪ್ಪಿಸಿದಂತಾಯಿತು. ಮುಂಗಡಕ್ಕೆ ನಮ್ಮಲ್ಲಿ ಸಂಚಕಾರ ಎಂಬ ಹಳೆಯ ಮಾತಿದೆ. ಅದೇ ಮಾತು ಇವತ್ತಿನ ಕನ್ನಡದಲ್ಲಿ ಆಪತ್ತು ಎಂಬ ಅರ್ಥಕ್ಕೆ ತಿರುಗಿದೆ. ಈ ವ್ಯಾಪಾರ ನೋಡಿದರೆ ಎರಡು ಅರ್ಥಗಳೂ ಒಟ್ಟಿಗೆ ಹೊಂದುತ್ತವೆ.

ಹಿಂದೆ ಇಲ್ಲಿ ಒಂದು ತಡೆಯಿತ್ತು. ಕರಾರು ಮಾರುವವನ ಮೇಲೆ ಅನ್ಯಾಯದ ಲಾಭ ಕೊಡುವಂತಿದ್ದರೆ ಅದನ್ನು ಜಾರಿ ಮಾಡದಿರುವ ವಿವೇಚನೆಯನ್ನು ನಿರ್ದಿಷ್ಟ ಪರಿಹಾರ ಕಾಯಿದೆಯ 20ನೇ ಕಲಂ ಕೋರ್ಟಿಗೆ ಕೊಟ್ಟಿತ್ತು. 2018ರ ತಿದ್ದುಪಡಿ ಆ ಕಲಮನ್ನೇ ಬದಲಿಸಿತು. ದೊಡ್ಡ ಹೂಡಿಕೆದಾರರ ಕರಾರು ಬೇಗ ಜಾರಿಯಾಗಲಿ ಎಂಬ ಉದ್ದೇಶದ ಬದಲಾವಣೆ ಸಣ್ಣ ಮನೆಯವನ ತಲೆಯ ಮೇಲಿನ ಕೊಡೆಯೊಂದನ್ನು ಕಿತ್ತುಕೊಂಡಿತು. ಈಗ ಅವನು ತನ್ನ ಒಪ್ಪಿಗೆಯೇ ಸರಿಯಾದದ್ದಲ್ಲ ಎಂದು ಕರಾರು ಕಾಯಿದೆಯ ಕೆಳಗೆ ತೋರಿಸಬೇಕು. ಅದಕ್ಕೆ ವಕೀಲ ಬೇಕು, ವರ್ಷಗಳು ಬೇಕು.

‘ಇದೆಲ್ಲ ಮಾರುವವನ ಚಿಂತೆ, ನನಗೇನು’ ಎನ್ನುವವರಿಗೆ ಈಗ ಎರಡು ಮಾತು. ಈ ಆಟದಲ್ಲಿ ಹೊಸಬ ಎಂದರೆ ನೀವೇ, ಮತ್ತು ಹೊಸಬನೇ ಎಲ್ಲರಿಗಿಂತ ಸುಲಭದ ಬೇಟೆ. 13(2) ನೋಟೀಸು ತಲುಪಿದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಆ ಮನೆಯನ್ನು ಮಾರುವಂತಿಲ್ಲ ಎಂದು ಅದೇ ಕಲಮಿನ 13ನೇ ಉಪಕಲಂ ಹೇಳುತ್ತದೆ. ನೀವು ಹೆಮ್ಮೆಯಿಂದ ಬರೆಸಿಕೊಂಡ ಕರಾರು ಬ್ಯಾಂಕಿನ ಮುಂದೆ ಬರೀ ಕಾಗದ. ಹೈದರಾಬಾದಿನಲ್ಲಿ ಧಾರಾಳವಾಗಿ ಓಡಾಡುವ ‘ಎಜಿಪಿಎ’, ಅಂದರೆ ಕರಾರಿನ ಜೊತೆಗಿನ ಮುಕ್ತಿಯಾರನಾಮೆ, ಒಡೆತನ ಕೊಡುವುದಿಲ್ಲ. 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ: ನೋಂದಾಯಿತ ಕ್ರಯಪತ್ರವಿಲ್ಲದೆ ಆಸ್ತಿ ಕೈಬದಲಾಗದು. ಕಚ್ಚಾಡುವ ಅಣ್ಣತಮ್ಮಂದಿರಲ್ಲಿ ‘ಆತುರ ಇರುವವನನ್ನು’ ಹಿಡಿಯಿರಿ ಎಂದು ಕಲಿಸುತ್ತಾರಲ್ಲ, ಆ ಮನೆಯಲ್ಲಿ ಅಕ್ಕತಂಗಿಯರೂ ಇರುತ್ತಾರೆ. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳನ್ನು ಮಗನಿಗೆ ಸಮ ಮಾಡಿತು. ತಂದೆ ಆಗ ಬದುಕಿರಲಿ ಇಲ್ಲದಿರಲಿ, ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆಕೆಯ ಸಹಿಯಿಲ್ಲದ ಅಗ್ಗದ ಮನೆ ಅಗ್ಗವಲ್ಲ.

ಮಾರುವವನ ಆತುರಕ್ಕೆ ಕಾರಣ ಅವನ ಸಂಕಟವೇ ಆಗಿರಬೇಕೆಂದೂ ಇಲ್ಲ. 2024ರ ಜುಲೈನಲ್ಲಿ ಹೈದರಾಬಾದಿನಲ್ಲಿ ಹೈಡ್ರಾ ಎಂಬ ಸಂಸ್ಥೆ ಹುಟ್ಟಿ ಕೆರೆಗಳ ಅಂಗಳದಲ್ಲಿದ್ದ ಕಟ್ಟಡಗಳನ್ನು ಕೆಡವತೊಡಗಿದ್ದು ನಿಮಗೆ ನೆನಪಿದೆ. ಕೆರೆ ತುಂಬಿದಾಗ ನೀರು ನಿಲ್ಲುವ ಗೆರೆಯೊಳಗೆ ನಿವೇಶನ ಇರುವವನಿಗೂ ಮಾರುವ ಆತುರ ಇದ್ದೇ ಇರುತ್ತದೆ. ಪಾಠದ ಪ್ರಕಾರ ಅವನೂ ‘ಮೋಟಿವೇಟೆಡ್’. ಅವನು ಹುಡುಕುತ್ತಿರುವುದು ಯಾರನ್ನು? ಕೋರ್ಸು ಮುಗಿಸಿ ಬಂದ ಹೊಸಬನನ್ನು.

ತೆರಿಗೆಯ ಮಾತೂ ಇದೆ. ಸರಕಾರದ ನೋಂದಣಿ ಮೌಲ್ಯಕ್ಕಿಂತ ಬಹಳ ಕಡಿಮೆಗೆ ಆಸ್ತಿ ಕೊಂಡರೆ, ಅಂತರ ಐವತ್ತು ಸಾವಿರವನ್ನೂ ಬೆಲೆಯ ಶೇಕಡಾ 10ನ್ನೂ ದಾಟಿದಾಗ, ಆ ಅಂತರವನ್ನು ಆದಾಯ ತೆರಿಗೆ ಕಾನೂನು ಕೊಂಡವನ ಆದಾಯವೆಂದೇ ಲೆಕ್ಕ ಹಾಕುತ್ತದೆ. ಮೇಲಿನ ಫ್ಲ್ಯಾಟಿಗೆ ನೋಂದಣಿ ಮೌಲ್ಯ 70 ಲಕ್ಷ ಇದ್ದರೆ, 55ಕ್ಕೆ ಕೊಂಡ ನಿಮ್ಮ ಆದಾಯಕ್ಕೆ 15 ಲಕ್ಷ ಸೇರಿತು. ಮಾರಿದವನ ಲಾಭವನ್ನೂ ಅವನಿಗೆ 70 ಲಕ್ಷ ಸಿಕ್ಕಿದಂತೆಯೇ ಲೆಕ್ಕ ಹಾಕುತ್ತಾರೆ. ಕೈಗೆ ಬಾರದ ಹಣಕ್ಕೆ ಅವನು ತೆರಿಗೆ ಕಟ್ಟಬೇಕಾಗಬಹುದು. ಸಂಕಟದ ಮಾರಾಟ ಅವನನ್ನು ಎರಡು ಸಲ ಸುಲಿಯುತ್ತದೆ, ಎರಡನೆಯ ಸಲ ಸರಕಾರದ ಕೈಯಿಂದ.

ಈ ವಿದ್ಯೆ ಹುಟ್ಟಿದ ನೆಲದಲ್ಲೇ ಅದರ ಗತಿ ಏನಾಗಿದೆ ನೋಡಿ. ‘ಕುರೂಪಿ ಮನೆಗಳನ್ನು ಕೊಳ್ಳುತ್ತೇವೆ’ ಎಂಬ ಜಾಹೀರಾತಿನಿಂದ ಹೆಸರಾದ ಅಮೆರಿಕದ ಹೋಮ್‌ವೆಸ್ಟರ್ಸ್ ಕಂಪನಿಯ ಫ್ರಾಂಚೈಸಿಗಳು ವಯಸ್ಸಾದ, ಕಾಯಿಲೆ ಬಿದ್ದ ಮನೆಯವರನ್ನು ಹೇಗೆ ಹುಡುಕಿ ಹಿಡಿಯುತ್ತಿದ್ದರೆಂದು 2023ರಲ್ಲಿ ಪ್ರೊಪಬ್ಲಿಕಾ ಪತ್ರಿಕಾ ಸಂಸ್ಥೆ ಬಯಲು ಮಾಡಿತು. ಇಲಿನಾಯ್ ರಾಜ್ಯ 2019ರಲ್ಲಿ ಇಂಥ ಕರಾರು ದಾಟಿಸುವ ಕಸುಬನ್ನು ಮತ್ತೆ ಮತ್ತೆ ಮಾಡುವವರಿಗೆ ಲೈಸೆನ್ಸು ಬೇಕೆಂದಿತು. ಕ್ಯಾಲಿಫೋರ್ನಿಯಾದಲ್ಲಂತೂ 1979ರಿಂದಲೇ ಒಂದು ಕಾನೂನಿದೆ: ಹರಾಜಿನ ಅಂಚಿನಲ್ಲಿರುವವನ ಮನೆಯನ್ನು ಹೂಡಿಕೆಗೆ ಕೊಂಡರೆ, ಸಹಿ ಹಾಕಿದ ಮೇಲೂ ಐದು ಕೆಲಸದ ದಿನಗಳ ಒಳಗೆ, ಹರಾಜು ಅದಕ್ಕೂ ಮುಂಚೆ ಇದ್ದರೆ ಆ ಬೆಳಗಿನವರೆಗೆ, ಮನಸ್ಸು ಬದಲಿಸುವ ಹಕ್ಕು ಮಾರಿದವನಿಗಿದೆ. ನಮಗೆ ಬಂದು ತಲುಪಿದ್ದು ಅವರ ಕೋರ್ಸು ಮಾತ್ರ. ಆ ಐದು ದಿನ ಬರಲಿಲ್ಲ.

ನಮ್ಮ ದಖ್ಖನ್ನಿನ ನೆಲಕ್ಕೂ ಇದರ ನೆನಪಿದೆ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾಹುಕಾರರ ಮೇಲೆ ಎದ್ದರು. ಅವರು ಮುಖ್ಯವಾಗಿ ಹುಡುಕಿ ಹುಡುಕಿ ಸುಟ್ಟದ್ದು ಕರಾರುಪತ್ರಗಳನ್ನು. ತಮ್ಮ ಹೆಬ್ಬೆಟ್ಟಿನ ಕೆಳಗೆ ಏನು ಬರೆದಿದೆ ಎಂದು ಅವರಿಗೆ ತಿಳಿಯದು, ಬರೆಸಿಕೊಂಡವನಿಗೆ ತಿಳಿಯುತ್ತಿತ್ತು. ನಾಲ್ಕು ವರ್ಷದ ಮೇಲೆ ಬಂದ 1879ರ ದಖ್ಖನ್ ರೈತರ ಪರಿಹಾರ ಕಾಯಿದೆ, ಕಾಗದದಲ್ಲಿ ಬರೆದದ್ದನ್ನಷ್ಟೇ ನಂಬದೆ ಆ ಸಾಲದ ಹಿಂದಿನ ಚರಿತ್ರೆಯನ್ನೂ ಕೆದಕಿ ನೋಡಲು ಕೋರ್ಟುಗಳಿಗೆ ಹೇಳಿತು. ವಸಾಹತು ಸರಕಾರಕ್ಕೂ ಅರ್ಥವಾಗಿದ್ದ ಮಾತಿದು: ಸಹಿ ಇದೆ ಎಂದ ಮಾತ್ರಕ್ಕೆ ಒಪ್ಪಿಗೆ ಇತ್ತು ಎಂದಲ್ಲ.

ಈಗ ನಮ್ಮ ವಿಷಯಕ್ಕೆ ಬರೋಣ. ಅಮೀರ್‌ಪೇಟೆಯ ಹಾಸ್ಟೆಲುಗಳಲ್ಲಿ ಮಂಚದ ಮೇಲೆ ಮಂಚ ಹಾಕಿಕೊಂಡು ಮಲಗಿದವರಲ್ಲಿ, ಊರಲ್ಲಿ ಏನನ್ನೂ ಅಡವಿಡದೆ, ಏನನ್ನೂ ಮಾರದೆ ಬಂದವರು ಎಷ್ಟು ಮಂದಿ? ಕೋರ್ಸಿನ ಫೀಸು, ಹಾಸ್ಟೆಲ್ ಬಾಡಿಗೆ, ಕೆಲಸ ಸಿಗುವವರೆಗಿನ ಖರ್ಚು, ಇವಕ್ಕೆ ಒಬ್ಬರ ಅಪ್ಪ ಊರ ಅಂಚಿನ ನಿವೇಶನ ಕೊಟ್ಟಿರುತ್ತಾನೆ. ಇನ್ನೊಬ್ಬರ ಅವ್ವ ಕೊರಳಿನದನ್ನು ಬ್ಯಾಂಕಿನಲ್ಲಿ ಇಟ್ಟಿರುತ್ತಾಳೆ. ಮತ್ತೊಬ್ಬರ ಮನೆಯಲ್ಲಿ ಎರಡೆಕರೆ ಹೊಲ ‘ಸದ್ಯಕ್ಕೆ’ ಎಂದು ಬೇರೆಯವರ ಹೆಸರಿಗೆ ಹೋಗಿರುತ್ತದೆ. ಅವರ ಆತುರಕ್ಕೆ ಬೆಲೆ ಕಟ್ಟಿದವರು ಯಾರೋ ಇದ್ದರು. ಫೀಸು ಕಟ್ಟುವ ಕೊನೆಯ ದಿನ ಯಾವುದೆಂದು ತಿಳಿದುಕೊಂಡೇ ಅವರು ಬೆಲೆ ಹೇಳಿದ್ದರು. ನಾವು ಮೋಟಿವೇಟೆಡ್ ಸೆಲ್ಲರುಗಳ ಮಕ್ಕಳು. ಈ ಪಟ್ಟಿಯಲ್ಲಿ ನಮ್ಮ ಅಪ್ಪನ ಹೆಸರಿತ್ತು ಎಂಬುದನ್ನು ಮರೆತರೆ ಮಾತ್ರ ಈ ಕೋರ್ಸು ಕಲಿಯಲು ಸಾಧ್ಯ.

2020ರ ಮಾರ್ಚ್ 25 ನೆನಪಿರುವವರಿಗೆ ಹೆಚ್ಚು ವಿವರಿಸಬೇಕಿಲ್ಲ. ಲಾಕ್‌ಡೌನ್ ಶುರುವಾದ ದಿನ, ಹಾಸ್ಟೆಲುಗಳು ಖಾಲಿ ಮಾಡಿ ಎಂದವು. ಅಮೀರ್‌ಪೇಟೆ ಸುತ್ತಲಿನ ಹುಡುಗ ಹುಡುಗಿಯರು ಊರಿಗೆ ಹೋಗುವ ಪಾಸಿಗಾಗಿ ಪೊಲೀಸ್ ಠಾಣೆಗಳ ಮುಂದೆ ಚೀಲ ಹೊತ್ತು ನಿಂತರು. ಹೊರಟ ಎಷ್ಟೋ ಜನ ಆಂಧ್ರದ ಗಡಿಯಲ್ಲಿ ಸಿಕ್ಕಿಬಿದ್ದರು. ಹಾಸ್ಟೆಲು ಮುಚ್ಚಬಾರದು ಎಂದು ಸರಕಾರ ಹೇಳಿದ ಮೇಲೆ ಗೊಂದಲ ತಣ್ಣಗಾಯಿತು. ಆ ಹೊತ್ತಿನಲ್ಲಿ ಯಾರಾದರೂ ನಮ್ಮ ಲ್ಯಾಪ್‌ಟಾಪನ್ನು ಕಾಲು ಬೆಲೆಗೆ ಕೇಳಿ, ‘ನಿಮಗೊಂದು ಪರಿಹಾರ ಒದಗಿಸುತ್ತಿದ್ದೇನೆ’ ಎಂದಿದ್ದರೆ ನಾವು ಅವನನ್ನು ಏನೆಂದು ಕರೆಯುತ್ತಿದ್ದೆವು? ಹೂಡಿಕೆದಾರ ಎಂದಂತೂ ಅಲ್ಲ.

ಊರಿನ ಕಡೆಗೂ ಒಂದು ಮಾತು. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ಹೋದ ಮೇಲೆ ಸಂಬಳದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ. ಹೈದರಾಬಾದಿನ ಸಂಬಳ ಹಿಡಿದು ನಮ್ಮೂರಿಗೇ ಹೋಗಿ, ಮಳೆ ಕೈಕೊಟ್ಟ ವರ್ಷ ಯಾರ ಹೊಲ ‘ಬರುತ್ತದೆ’ ಎಂದು ವಿಚಾರಿಸುವವರು ನಮ್ಮ ನಡುವೆಯೇ ಇದ್ದಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಭೂಮಿಯನ್ನು ಸರಕಾರದ ಅನುಮತಿಯಿಲ್ಲದೆ ಕೊಳ್ಳುವಂತಿಲ್ಲ ಎಂಬ 1978ರ ಕಾಯಿದೆ ಇನ್ನೂ ಜೀವಂತವಿದೆ, 2023ರಲ್ಲಿ ಇನ್ನಷ್ಟು ಬಿಗಿಯಾಗಿದೆ. ಕಾನೂನು ಬಿಟ್ಟ ಕಡೆಯೂ ಒಂದು ಪ್ರಶ್ನೆ ಉಳಿಯುತ್ತದೆ. ಅದೇ ಊರಿನ ಜಾತ್ರೆಯಲ್ಲಿ ಮುಂದಿನ ವರ್ಷ ಆ ರೈತನ ಎದುರಿಗೆ ನಿಲ್ಲುವವರು ನಾವೇ.

ಹಾಗಾದರೆ ಮನೆ ಕೊಳ್ಳಲೇಬಾರದೇ? ಕೊಳ್ಳಿ. ಬಾಡಿಗೆ ಕಟ್ಟಿ ಕಟ್ಟಿ ಸಾಕಾದವರಿಗೆ ಸ್ವಂತ ಸೂರಿನ ಆಸೆ ತಪ್ಪಲ್ಲ, ಹೂಡಿಕೆಯೂ ತಪ್ಪಲ್ಲ. ಸಂಕಟದಲ್ಲಿರುವವನಿಂದ ಕೊಳ್ಳುವುದೂ ತಪ್ಪಲ್ಲ, ಕೆಲವು ಷರತ್ತುಗಳ ಮೇಲೆ. ಮೊದಲನೆಯದು, ಆ ಬೀದಿಯಲ್ಲಿ ಇತ್ತೀಚೆಗೆ ನೋಂದಣಿಯಾದ ದರಗಳನ್ನು ನೀವೇ ಅವನಿಗೆ ತೋರಿಸಿ, ನಿಮ್ಮ ಬೆಲೆ ಅದಕ್ಕಿಂತ ಎಷ್ಟು ಕಡಿಮೆ, ಯಾಕೆ ಕಡಿಮೆ ಎಂದು ಬಾಯಿಬಿಟ್ಟು ಹೇಳಿ. ರಿಪೇರಿಗೆ ಇಷ್ಟು, ವೇಗಕ್ಕೆ ಇಷ್ಟು. ಹೇಳಲು ನಾಚಿಕೆಯಾಗುವ ಭಾಗ ಯಾವುದೋ ಅದನ್ನು ಬೆಲೆಗೆ ಮತ್ತೆ ಸೇರಿಸಿ. ಎರಡನೆಯದು, ಬ್ಯಾಂಕಿನ ನೋಟೀಸು ಬಂದಿದ್ದರೆ ಅವನಿಗಿರುವ ದಿನಗಳನ್ನು ಅವನ ಜೊತೆ ಕೂತು ಎಣಿಸಿ, ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆದೇ ಮುಂದುವರಿಯಿರಿ. ಒಂದೇ ಕಂತಿನ ಇತ್ಯರ್ಥಕ್ಕೆ ಬ್ಯಾಂಕು ಒಪ್ಪಬಹುದೇ ಎಂದು ಕೇಳಿಸಿ. ಅದರಿಂದ ಅವನು ಮಾರದೇ ಇರಬಹುದು. ಇರಲಿ. ಮೂರನೆಯದು, ಅವನ ಕಡೆಗೆ ನಿಮ್ಮವನಲ್ಲದ ಒಬ್ಬ ವಕೀಲ ಇರಲಿ. ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಡಿ ಉಚಿತ ನೆರವು ಸಿಗುತ್ತದೆ. 15100ಕ್ಕೆ ಫೋನು ಮಾಡಲು ಹೇಳಿ. ನಾಲ್ಕನೆಯದು, ಸಹಿಗೆ ಮುಂಚೆ ಐದು ದಿನ ಬಿಡಿ. ನಮ್ಮ ಕಾನೂನು ಕೇಳದಿದ್ದರೂ ನೀವು ಕೊಡಬಹುದು. ಮನೆಯ ಹೆಣ್ಣುಮಕ್ಕಳೂ ಆ ಐದು ದಿನಗಳಲ್ಲಿ ಕಾಗದ ಓದಲಿ. ಐದನೆಯದು, ಕೊಳ್ಳುವ ಹಣ ಇಲ್ಲದಿದ್ದರೆ ಕರಾರು ಬರೆಸಬೇಡಿ.

ಈ ಷರತ್ತುಗಳ ನಂತರವೂ ಲಾಭ ಉಳಿದರೆ ಅದು ನಿಮ್ಮದೇ, ನೆಮ್ಮದಿಯಿಂದ ಇಟ್ಟುಕೊಳ್ಳಿ. ಉಳಿಯದಿದ್ದರೆ ಆ ಲಾಭ ಎಲ್ಲಿಂದ ಬರಬೇಕಿತ್ತು ಎಂಬುದು ಆಗಲೇ ಗೊತ್ತಾಯಿತು.

ನಮ್ಮಲ್ಲಿ ಕೋಡ್ ಬರೆಯುವವರಿದ್ದಾರೆ, ಬ್ಯಾಂಕಿನಲ್ಲಿ ಕೆಲಸ ಮಾಡುವವರಿದ್ದಾರೆ, ಕಾನೂನು ಓದುವವರಿದ್ದಾರೆ. ಪತ್ರಿಕೆಯ ನೋಟೀಸುಗಳನ್ನು ಬೇಟೆಗಾಗಿ ಓದುವಷ್ಟೇ ಸುಲಭವಾಗಿ ಎಚ್ಚರಿಸಲಿಕ್ಕೂ ಓದಬಹುದು. 60 ದಿನ, 45 ದಿನ, ಹರಾಜಿನ ನೋಟೀಸಿಗೆ ಮುಂಚಿನ ಕೊನೆಯ ದಿನ, ಉಳಿದ ಹಣ ನಿಮ್ಮದೇ ಎಂಬ ಒಂದು ಸಾಲು: ಇಷ್ಟನ್ನು ಕನ್ನಡದಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ ಒಂದು ಪುಟಕ್ಕೆ ಇಳಿಸಿ ಊರಿನ ಗುಂಪುಗಳಿಗೆ, ಇಲ್ಲಿನ ಅಪಾರ್ಟ್‌ಮೆಂಟಿನ ನೋಟೀಸು ಬೋರ್ಡುಗಳಿಗೆ ಹಾಕಲು ಒಂದು ಭಾನುವಾರ ಸಾಕು. ಸೆಮಿನಾರಿಗೆ ಹೋಗಬೇಕೆಂದಿದ್ದ ಭಾನುವಾರವನ್ನೇ ಅದಕ್ಕೆ ಬಳಸಬಹುದು. ಆ ಕಾಗದ ಓದಿದವನು ಆಮೇಲೆ ಮನೆ ಮಾರಿದರೂ, ತನ್ನ ಬಳಿ ಏನಿತ್ತು, ಏನನ್ನು ಎಷ್ಟಕ್ಕೆ ಕೊಟ್ಟೆ ಎಂದು ತಿಳಿದು ಮಾರುತ್ತಾನೆ.